‘ಪಂಪು’ ಎಂದು ಬರೆದರೆ ಪಂಪು ರಿಪೇರಿಯಾಗುವುದಿಲ್ಲ

ಫೆಬ್ರುವರಿಯಲ್ಲಿ ಕೊಡಗಿನ ಸುಂಟಿಕೊಪ್ಪದ ಬಳಿ ಇರುವ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅಡುಗೆಮನೆಯ ಗೋಡೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಅತ್ತಿಗೆ ಬರೆದಿಟ್ಟ ಪಟ್ಟಿ ಇತ್ತು: ಪಂಪು, ಬ್ಯಾಂಕು, ಮಾವನ ಖಾತೆ, ಮೆಣಸು. ಮೂರು ವಾರದಿಂದ ಅಲ್ಲೇ ಇತ್ತಂತೆ, ಒಂದಕ್ಕೂ ಗೆರೆ ಬಿದ್ದಿರಲಿಲ್ಲ. ರೊಬಸ್ಟಾ ಕಾಫಿಗೆ ಹೂವಿನ ನೀರು, ಅಂದರೆ ಹೂವು ಅರಳಿಸುವ ನೀರು, ಕೊಡುವ ಹೊತ್ತು ಬಂದಿತ್ತು, ಪಂಪು ಮಾತ್ರ ಶೆಡ್ಡಿನಲ್ಲಿ ಕೆಟ್ಟು ಕುಳಿತಿತ್ತು. ಅತ್ತಿಗೆ ಬೆಳಿಗ್ಗೆ ಐದಕ್ಕೆ ಏಳುವವರು, ಕೆಲಸಕ್ಕೆ ಹಿಂಜರಿಯುವವರಲ್ಲ. ತಪ್ಪು ಪಟ್ಟಿ ಬರೆದ ರೀತಿಯಲ್ಲಿತ್ತು. ಇಂಥ ಪಟ್ಟಿಗಳನ್ನು ಬೇರೆ ಮನೆಗಳಲ್ಲೂ ಬೇಕಾದಷ್ಟು ನೋಡಿದ್ದೇನೆ.

ಕೆಲಸಗಳನ್ನು ಹಿಡಿತಕ್ಕೆ ತರಲು ನಾನು ಅನುಸರಿಸುವ ಪದ್ಧತಿಯ ಮೂಲ ಅಮೆರಿಕದ ಡೇವಿಡ್ ಆಲೆನ್ ಅವರದು. 2001ರಲ್ಲಿ ‘ಗೆಟ್ಟಿಂಗ್ ಥಿಂಗ್ಸ್ ಡನ್’ ಎಂಬ ಪುಸ್ತಕವಾಗಿ ಬಂತು. ಅದರಲ್ಲಿ ಐದು ಹಂತಗಳಿವೆ: ಬರೆದುಕೊಳ್ಳುವುದು, ಬಿಡಿಸಿ ನೋಡುವುದು, ವಿಂಗಡಿಸುವುದು, ವಾರಕ್ಕೊಮ್ಮೆ ಪರಿಶೀಲಿಸುವುದು, ಮಾಡುವುದು. ಕಚೇರಿಯವರಿಗಷ್ಟೇ ಎಂದುಕೊಳ್ಳಬೇಡಿ, ತೋಟದ ಮನೆಗೂ ಚೆನ್ನಾಗಿ ಹೊಂದುತ್ತದೆ.

ಮೊದಲ ಹಂತ ಸುಲಭ. ತಲೆಯಲ್ಲಿ ಸುತ್ತುತ್ತಿರುವುದನ್ನೆಲ್ಲ ಒಂದು ಗಂಟೆ ಕುಳಿತು ಒಂದೇ ಪುಸ್ತಕದಲ್ಲಿ ಬರೆಯಿರಿ. ಆಗ ಯಾವುದು ಮುಖ್ಯ, ಯಾವುದು ಅಲ್ಲ ಎಂದು ಯೋಚಿಸಬೇಡಿ. ಜೇಬಿಗೆ ಹಿಡಿಸುವ ನೋಟ್‌ಬುಕ್ ಮತ್ತು ಪೆನ್ಸಿಲ್ ಸಾಕು. ಹಲವು ಜೆಲ್ ಪೆನ್ನುಗಳ ಅಕ್ಷರ ಒಂದು ಹನಿ ನೀರಿಗೆ ಹರಡಿಹೋಗುತ್ತದೆ. ಬಣ್ಣದ ಅಂಟುಚೀಟಿಗಳಿಗೆ ಹಣ ಹಾಕಬೇಡಿ, ಜುಲೈ ತಿಂಗಳ ತೇವಕ್ಕೆ ಅಂಟು ಬಿಟ್ಟು ನೆಲಕ್ಕೆ ಬೀಳುತ್ತವೆ. ಮೊಬೈಲ್ ಆ್ಯಪ್ ಬಳಸುವವರು ಬಳಸಲಿ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಇಲ್ಲದೆ ಮೊಬೈಲು ಆರಿಹೋದಾಗ ಕೈಯಲ್ಲಿ ಉಳಿಯುವುದು ಕಾಗದವೇ ಎಂಬುದು ನನ್ನ ಅನುಭವ.

ಎಲ್ಲರೂ ಎಡವುವುದು ಎರಡನೆಯ ಹಂತದಲ್ಲಿ. ಅತ್ತಿಗೆಯ ಜೊತೆ ಕುಳಿತು ಮೊದಲ ಸಾಲನ್ನೇ ಬಿಡಿಸಿದೆವು.

“ಅತ್ತಿಗೆ, ಪಂಪಿಗೆ ಏನಾಗಬೇಕು?”

“ರಿಪೇರಿ ಆಗಬೇಕು.”

“ಅದಕ್ಕೆ ಮೊದಲು ನೀವೇನು ಮಾಡಬೇಕು?”

“ಮೆಕ್ಯಾನಿಕ್‌ಗೆ ಫೋನ್ ಮಾಡಬೇಕು.”

“ಯಾಕೆ ಮಾಡಿಲ್ಲ?”

“ನಂಬರು ನನ್ನ ಹತ್ತಿರ ಇಲ್ಲ. ನಿಮ್ಮ ಅಣ್ಣನ ಮೊಬೈಲಿನಲ್ಲಿದೆ.”

ಅಣ್ಣ ಪಕ್ಕದ ಕೋಣೆಯಲ್ಲೇ ಇದ್ದರು. ಮೂರು ವಾರ ‘ಪಂಪು’ ಎಂದು ಗೋಡೆಯಲ್ಲಿ ನೇತಾಡಿದ ಕೆಲಸದ ಮುಂದಿನ ಹೆಜ್ಜೆ ‘ಇವರಿಂದ ಮೆಕ್ಯಾನಿಕ್ ನಂಬರು ಕೇಳುವುದು’ ಎಂಬುದಷ್ಟೇ ಆಗಿತ್ತು.

ಹೀಗೆ ಪ್ರತಿಯೊಂದು ಸಾಲನ್ನೂ ಕೈ ಅಥವಾ ಬಾಯಿ ಮಾಡಬಹುದಾದ ಒಂದೇ ಕೆಲಸಕ್ಕೆ ಬರುವವರೆಗೆ ಬಿಡಿಸಬೇಕು. ‘ಆಗಬೇಕು’ ಎಂಬ ಮಾತನ್ನು ಪಟ್ಟಿಯೊಳಗೆ ಬಿಡಲೇಬೇಡಿ, ಯಾರು ಮಾಡಬೇಕು ಎಂಬುದೇ ಅದರಲ್ಲಿ ಇರುವುದಿಲ್ಲ. ‘ನೋಡಬೇಕು’, ‘ವಿಚಾರಿಸಬೇಕು’, ‘ವ್ಯವಸ್ಥೆ ಮಾಡಬೇಕು’ ಕೂಡ ಬೇಡ. ‘ಮಣ್ಣು ಪರೀಕ್ಷೆ’ ಎಂದು ಬರೆಯುವ ಬದಲು ‘ಕೆರೆ ಪಕ್ಕದ ತೋಟದಲ್ಲಿ ಒಂಬತ್ತು ಇಂಚು ಆಳದವರೆಗಿನ ಮಣ್ಣು ತೆಗೆಯುವುದು’ ಎಂದು ಬರೆಯಿರಿ. ಅದನ್ನು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಒಯ್ಯುವುದು ಆಮೇಲಿನ ಮಾತು.

‘ಮಾವನ ಖಾತೆ’ ಇನ್ನೂ ತೊಡಕಿನದು. ಅತ್ತಿಗೆಯ ಮಾವ, ಅಂದರೆ ನನ್ನ ದೊಡ್ಡಪ್ಪ, ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಆಗಿರಲಿಲ್ಲ. ಒಂದಕ್ಕಿಂತ ಹೆಚ್ಚು ಹೆಜ್ಜೆ ಬೇಡುವ ಇಂಥದ್ದನ್ನು ಈ ಪದ್ಧತಿಯಲ್ಲಿ ಯೋಜನೆ ಎನ್ನುತ್ತಾರೆ. ಅದಕ್ಕೆ ಬೇರೆ ಪುಟ ಕೊಟ್ಟು, ಮುಗಿದಾಗ ಹೇಗಿರುತ್ತದೆ ಎಂದು ಮೇಲೆ ಬರೆಯಿರಿ: ‘ಪಹಣಿಯಲ್ಲಿ ವಾರಸುದಾರರ ಹೆಸರು ಬಂದಿದೆ’. ಕೆಳಗೆ ಮುಂದಿನ ಹೆಜ್ಜೆ ಒಂದೇ ಇರಲಿ. ಅತ್ತಿಗೆ ‘ಮರಣ ಪ್ರಮಾಣಪತ್ರ ಹುಡುಕಿ ಜೆರಾಕ್ಸ್ ಮಾಡಿಸುವುದು’ ಎಂದು ಬರೆದರು. ಹುಡುಕುವುದು ಮನೆಯ ಬೀರುವಿನಲ್ಲಿ, ಜೆರಾಕ್ಸ್ ಪೇಟೆಯಲ್ಲಿ. ಒಂದು ಸಾಲಿನಲ್ಲಿ ಎರಡು ಜಾಗ ಬಂದರೆ ಅದನ್ನು ಒಡೆಯಲೇಬೇಕು. ಇಲ್ಲವಾದರೆ ಪೇಟೆಯಲ್ಲಿದ್ದಾಗ ಪತ್ರ ಮನೆಯಲ್ಲಿರುತ್ತದೆ.

ಬಿಡಿಸುವಾಗ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ ಸಿಕ್ಕರೆ ಬರೆಯಬೇಡಿ, ಆಗಲೇ ಮಾಡಿ. ನಂಬರು ಕೇಳಿದ್ದು ಹಾಗೆಯೇ.

ಆಮೇಲೆ ವಿಂಗಡಣೆ. ತುರ್ತು, ಅತಿ ತುರ್ತು ಎಂದು ಬಣ್ಣ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ನಾಲ್ಕು ದಿನದಲ್ಲಿ ಎಲ್ಲವೂ ಕೆಂಪಾಗುತ್ತದೆ. ಜಾಗದ ಪ್ರಕಾರ ಪುಟ ಮಾಡಿ: ಮನೆ, ತೋಟ, ಫೋನ್, ಮಡಿಕೇರಿ. ಶುಕ್ರವಾರ ಸಂತೆಗೆ ಹೊರಟಾಗ ಬಸ್ಸಿನಲ್ಲಿ ಮಡಿಕೇರಿ ಪುಟವೊಂದನ್ನೇ ತೆರೆದರೆ ಸಾಕು. ಬೇರೆಯವರಿಂದ ಆಗಬೇಕಾದದ್ದಕ್ಕೆ ‘ಕಾಯುತ್ತಿರುವುದು’ ಎಂಬ ಪುಟವಿರಲಿ, ಪ್ರತಿ ಸಾಲಿನಲ್ಲೂ ಹೆಸರು ಮತ್ತು ಹೇಳಿದ ದಿನಾಂಕ ಬೇಕು. ಬೆಣ್ಣೆಹಣ್ಣಿನ ಗಿಡ ಹಾಕುವುದು, ಹೋಂಸ್ಟೇ ಮಾಡುವುದು ಮುಂತಾದ ಆಸೆಗಳು ‘ಮುಂದೆ ಯಾವಾಗಲಾದರೂ’ ಪುಟಕ್ಕೆ ಹೋಗಲಿ.

ಕ್ಯಾಲೆಂಡರಿನಲ್ಲಿ ಆ ದಿನವೇ ಆಗಬೇಕಾದದ್ದು ಮಾತ್ರ ಇರಬೇಕು. ಹೂವಿನ ನೀರು ಕೊಟ್ಟ 15-20 ದಿನಕ್ಕೆ ಎರಡನೆಯ ನೀರು ಕೊಡಬೇಕು, ಅದನ್ನು ಬರೆಯಿರಿ. ‘ಮಂಗಳವಾರ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡಿಸಿದರೆ ಒಳ್ಳೆಯದು’ ಎಂಬ ಬಯಕೆಯನ್ನು ಬರೆಯಬೇಡಿ. ನಾಲ್ಕು ಸಲ ತಪ್ಪಿದರೆ ಐದನೆಯ ಸಲ ನಿಜವಾದ ಗಡುವನ್ನೂ ನೀವು ನಂಬುವುದಿಲ್ಲ.

ವಾರದ ಪರಿಶೀಲನೆಗೆ ಶನಿವಾರ ಸಂಜೆ ಆಳುಗಳ ಕೂಲಿ ಬಟವಾಡೆ ಮುಗಿದ ಹೊತ್ತು ಸರಿ. ಹೇಗೂ ಲೆಕ್ಕದ ಪುಸ್ತಕ ಎದುರಿಗಿರುತ್ತದೆ, ಇನ್ನು ಮುಕ್ಕಾಲು ಗಂಟೆ ಕುಳಿತುಕೊಳ್ಳಿ. ಹೊಸದಾಗಿ ಬರೆದದ್ದನ್ನು ಬಿಡಿಸಿ, ಹಿಂದಿನ ವಾರದ ಮತ್ತು ಮುಂದಿನ ಎರಡು ವಾರಗಳ ಕ್ಯಾಲೆಂಡರು ನೋಡಿ, ಕಾಯುತ್ತಿರುವುದರಲ್ಲಿ ಯಾರಿಗೆ ನೆನಪಿಸಬೇಕು ಎಂದು ಗುರುತು ಹಾಕಿ. ಪುರಸೊತ್ತೇ ಇಲ್ಲದ ಕೊಯ್ಲಿನ ವಾರಗಳಲ್ಲಿ ಒಂದನ್ನಾದರೂ ಬಿಡಬೇಡಿ: ಪ್ರತಿ ಯೋಜನೆಗೂ ಒಂದು ಮುಂದಿನ ಹೆಜ್ಜೆ ಬರೆದಿದೆಯೇ ಎಂಬುದು. ಹೆಜ್ಜೆಯಿಲ್ಲದ ಯೋಜನೆ ಮತ್ತೆ ‘ಪಂಪು’ ಆಗುತ್ತದೆ.

ಮಾಡುವ ಹಂತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಲ್ಲಿದ್ದೀರಿ, ಎಷ್ಟು ಹೊತ್ತಿದೆ, ಮೈಯಲ್ಲಿ ಎಷ್ಟು ಶಕ್ತಿಯಿದೆ ನೋಡಿ ಆ ಪುಟದಿಂದ ಒಂದನ್ನು ಎತ್ತಿಕೊಳ್ಳಿ.

ಮುಗಿದ ಸಾಲನ್ನು ರಬ್ಬರಿನಿಂದ ಅಳಿಸಬೇಡಿ, ಓದಲು ಬರುವಂತೆ ಒಂದು ಗೆರೆ ಎಳೆಯಿರಿ. ಅತ್ತಿಗೆಯ ಪುಸ್ತಕದಲ್ಲಿ ಈಗ ಪಂಪಿನ ಸಾಲಿನ ಪಕ್ಕ ಮೆಕ್ಯಾನಿಕ್ ನಂಬರು, ಬದಲಾಯಿಸಿದ ಸೀಲಿನ ಅಳತೆ, ಕೊಟ್ಟ ಹಣ ಎಲ್ಲವೂ ಇವೆ.