ಬುತ್ತಿ ಕಟ್ಟುವವರೂ ಬರಬೇಕು: ಹಲ್ಲಿಗೆ ತಂತಿ ಹಾಕುವವನ ಅನುಭವ

ಬೀಳಗಿ ಕಡೆಯ ಹದಿಮೂರು ವರ್ಷದ ಹುಡುಗಿ. ತಂತಿ ಹಾಕಿ ಮೂರು ತಿಂಗಳೊಳಗೆ ನಾಲ್ಕು ಸಲ ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಸಣ್ಣ ತುಂಡು) ಕಿತ್ತುಕೊಂಡು ಬಾಗಲಕೋಟೆಯ ನನ್ನ ಕ್ಲಿನಿಕ್ಕಿಗೆ ಬಂದಿದ್ದಳು. ನಾಲ್ಕನೆಯ ಸಲ ಗದರಿಸಿಬಿಟ್ಟೆ. ಆಕೆ ಕಣ್ಣಲ್ಲಿ ನೀರು ತಂದುಕೊಂಡು ಸುಮ್ಮನೆ ಕೂತಳು. ಜೊತೆಗೆ ಬಂದಿದ್ದ ಅಜ್ಜಿ ಮಾತ್ರ ತಡೆಯಲಿಲ್ಲ. “ಆಕಿಗಿ ಯಾಕ ಬೈತೀರಿ ಡಾಕ್ಟರ? ಏಳರ ಬಸ್ಸಿಗೆ ಸಾಲಿಗಿ ಹೋಗ್ತಾಳ. ಅಷ್ಟೊತ್ತಿಗೆ ಬಿಸಿ ರೊಟ್ಟಿ ಬಡಿಯೂದು ಆಗಂಗಿಲ್ರಿ. ಖಡಕ್ ರೊಟ್ಟಿನ ಕಟ್ಟಿ ಕಳಸ್ತೀನಿ.”

ಗಟ್ಟಿ ಪದಾರ್ಥ ತಿನ್ನಬೇಡ ಎಂದು ನಾನು ಹೇಳಿದ್ದು ಹುಡುಗಿಗೆ. ಬುತ್ತಿ ಕಟ್ಟುವ ಅಜ್ಜಿಗೆ ಒಂದು ಮಾತೂ ಹೇಳಿರಲಿಲ್ಲ. ತಪ್ಪು ನನ್ನದೇ.

ಅಂದಿನಿಂದ ಮನೆಯಲ್ಲಿ ಅಡಿಗೆ ಮಾಡುವವರು ಬಂದು ಎದುರಿಗೆ ಕೂತ ಮೇಲೆಯೇ ತಂತಿ ಹಾಕುತ್ತೇನೆ. ರೊಟ್ಟಿ ಬಿಡಿ ಎಂದರೆ ನಮ್ಮ ಕಡೆ ನಡೆಯುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಖಡಕ್ ರೊಟ್ಟಿಯನ್ನು ಮುರಿದು ಸಾರಿನಲ್ಲಿ ಮೆತ್ತಗಾಗುವ ತನಕ ನೆನೆಸಿರಿ. ತಂತಿ ಹಾಕಿದ ಮೊದಲ ಮೂರು-ನಾಲ್ಕು ದಿನ ಕಚ್ಚಿದರೆ ಹಲ್ಲು ನೋಯುತ್ತದೆ, ಆಗ ಅನ್ನ-ಮೊಸರು, ರೊಟ್ಟಿಯನ್ನು ಮೆತ್ತಗೆ ಕಿವುಚಿದ ಮುಟಗಿ ಸಾಕು. ಕಬ್ಬು ಹಲ್ಲಿನಿಂದ ಸಿಗಿಯುವುದು, ಅಮೀನಗಡದ ಕರದಂಟು, ಹುರಿದ ಶೇಂಗಾ ಪೂರ್ತಿ ಬಂದ್. ಶೇಂಗಾ ಚಟ್ನಿಪುಡಿ ತಿನ್ನಬಹುದು, ಆದರೆ ತಂತಿಯ ಸಂದಿಯಲ್ಲಿ ಕೂತುಬಿಡುತ್ತದೆ. ಊಟವಾದ ಮೇಲೆ ಸಣ್ಣ ಬ್ರಷ್‌ನಿಂದ ಅದನ್ನು ತೆಗೆಯದಿದ್ದರೆ, ಕೊನೆಗೆ ತಂತಿ ಬಿಚ್ಚಿದಾಗ ಬ್ರಾಕೆಟ್ ಇದ್ದ ಜಾಗದ ಸುತ್ತ ಸುಣ್ಣ ಬಳಿದಂತೆ ಬಿಳಿ ಕಲೆ ಕಾಣುತ್ತದೆ. ಆ ಕಲೆ ಪೂರ್ತಿ ಹೋಗುವುದು ಕಷ್ಟ.

ಕೆಲವರಿಗೆ ಎಷ್ಟು ಜೋಪಾನ ಮಾಡಿದರೂ ಬ್ರಾಕೆಟ್ ನಿಲ್ಲುವುದಿಲ್ಲ. ಅದಕ್ಕೆ ನಮ್ಮ ನೀರೂ ಕಾರಣ. ಈ ಭಾಗದ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಸಣ್ಣಂದಿನಿಂದ ಅದನ್ನೇ ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ ಇರುತ್ತದೆ, ಅಂಥ ಹಲ್ಲಿಗೆ ಅಂಟು ಸರಿಯಾಗಿ ಹಿಡಿಯದು. ಈ ಮಕ್ಕಳ ತಂದೆ-ತಾಯಿಗೆ ಮೊದಲೇ ಹೇಳಿಬಿಡುತ್ತೇನೆ: ಒಂದೆರಡು ಬ್ರಾಕೆಟ್ ಕಿತ್ತುಬರಬಹುದು, ಕೂಸಿಗೆ ಬೈಯಬೇಡಿ.

“ಮೂರು ತಿಂಗಳಿಗೆ ಲಗ್ನ ಐತ್ರಿ, ಅಷ್ಟರಾಗ ಹಲ್ಲು ಒಳಗ ಹಾಕಿ ಕೊಡ್ರಿ” ಎಂದು ಬರುವವರು ಬಹಳ. ಅವರ ಮನೆಯ ಚಿಂತೆ ನನಗೂ ಅರ್ಥವಾಗುತ್ತದೆ. ಆದರೆ ಹಲ್ಲು ಸರಿಯಬೇಕಾದರೆ ಒತ್ತಡ ಬಿದ್ದ ಕಡೆ ಎಲುಬು ಕರಗಬೇಕು, ಹಿಂದೆ ಬಿಟ್ಟ ಜಾಗದಲ್ಲಿ ಹೊಸದು ತುಂಬಬೇಕು. ತಿಂಗಳಿಗೆ ಸರಿಯುವುದು ಸುಮಾರು 1 ಮಿ.ಮೀ. ಉಬ್ಬುಹಲ್ಲಿಗಾಗಿ ಪಕ್ಕದ ಹಲ್ಲು ತೆಗೆದಾಗ ಉಳಿಯುವ ಸಂದಿ ಸುಮಾರು 7 ಮಿ.ಮೀ. ಅದನ್ನು ಮುಚ್ಚಿ, ಉಳಿದವನ್ನು ಸಾಲಿಗೆ ತಂದು, ಮೇಲಿನ-ಕೆಳಗಿನ ಹಲ್ಲಿನ ಕಚ್ಚು ಕೂಡಿಸುವಷ್ಟರಲ್ಲಿ 18ರಿಂದ 24 ತಿಂಗಳು ಆಗುವುದು ಸಾಮಾನ್ಯ. ಅವಸರಕ್ಕೆ ಹೆಚ್ಚು ಬಿಗಿದರೆ ಹಲ್ಲಿನ ಬೇರೇ ಸವೆಯಬಹುದು. ಲಗ್ನದ ಆಸೆಗೆ ನಾನು ಸುಳ್ಳು ಹೇಳಲಾರೆ. ಇನ್ನು, ಹಲ್ಲು ಕಿತ್ತರೆ ಕಣ್ಣು ಮಂದವಾಗುತ್ತದೆ ಎಂಬ ಹೆದರಿಕೆ ಯಾರಿಗೂ ಬೇಡ. ಹಲ್ಲಿನ ನರವೇ ಬೇರೆ, ನೋಡುವ ನರವೇ ಬೇರೆ.

ತಂತಿ ಬಿಚ್ಚಿದ ದಿನ ಮನೆಯವರು ಪೇಢೆ ತರುತ್ತಾರೆ. ನನಗೆ ಚಿಂತೆ ಹತ್ತುವುದು ಆವತ್ತೇ. ಹಲ್ಲಿನ ಸುತ್ತಲಿನ ಎಳೆಗಳು ಅದನ್ನು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತವೆ, ಅದಕ್ಕೇ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ, ಹಾಕಿ ತೆಗೆಯಬಹುದಾದ ರಿಟೇನರ್ ಕೊಡುವುದು. ನನ್ನ ಹತ್ತಿರ ತಂತಿ ಹಾಕಿಸಿಕೊಂಡ ಒಬ್ಬ ಹುಡುಗ ಧಾರವಾಡದ ಹಾಸ್ಟೆಲ್ಲಿಗೆ ಹೋದ. ಊಟಕ್ಕೆ ಕೂತಾಗ ರಿಟೇನರ್ ತೆಗೆದು ಕಾಗದದಲ್ಲಿ ಸುತ್ತಿ ತಾಟಿನ ಪಕ್ಕ ಇಟ್ಟನಂತೆ. ಮುಸುರೆ ಜೊತೆ ಅದೂ ಹೋಯಿತು. ಬೈದಾರೆಂದು ಮನೆಯಲ್ಲಿ ಹೇಳಲಿಲ್ಲ. ದೀಪಾವಳಿಗೆ ಬಂದಾಗ ಮುಂದಿನ ಒಂದು ಹಲ್ಲು ಮತ್ತೆ ತಿರುಗಿ ನಿಂತಿತ್ತು. ಎರಡು ವರ್ಷ ತಿಂಗಳಿಗೊಮ್ಮೆ ಬಸ್ ಹತ್ತಿ ಬಂದಿದ್ದ ಅವನ ತಾಯಿ ಆ ಹಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿದರು, ಏನೂ ಅನ್ನಲಿಲ್ಲ.

ಈಗ ರಿಟೇನರ್ ಕೊಡುವಾಗ ಗಟ್ಟಿ ಡಬ್ಬಿಯನ್ನೂ ಕೊಟ್ಟು, ಅದರ ಮೇಲೆ ಮಗುವಿನ ಹೆಸರು ನಾನೇ ಬರೆಯುತ್ತೇನೆ. ಬಾಯಲ್ಲಿಲ್ಲದಾಗ ಡಬ್ಬಿಯಲ್ಲಿ. ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿನೀರು ಬಿದ್ದರೆ ಸೊಟ್ಟಗಾಗುತ್ತದೆ. ಕಳೆದರೆ ಅವತ್ತೇ ಫೋನ್ ಮಾಡಿರಿ, ನಾನು ಬೈಯುವುದಿಲ್ಲ.