ಮೇಷ್ಟ್ರು ಬಾಯಿ ಮುಚ್ಚಿದ ಮೇಲೆ ಮಕ್ಕಳು ಹಾಡಿದರು

ಕಳೆದ ರಾಜ್ಯೋತ್ಸವಕ್ಕೆ ತಾಲೂಕು ಕಾರ್ಯಕ್ರಮದಲ್ಲಿ ನಾಡಗೀತೆ ಹಾಡಿದ್ದು ನಮ್ಮ ಶಾಲೆಯ ಮಕ್ಕಳು. ಟ್ರ್ಯಾಕ್ ಇಲ್ಲ, ಹಾರ್ಮೋನಿಯಂ ಇಲ್ಲ. ಎರಡು ಮೈಕು, ಹತ್ತು ಹನ್ನೆರಡು ಮಕ್ಕಳು, ಅಷ್ಟೇ. ಸಾಮಾನ್ಯವಾಗಿ ಈ ಅವಕಾಶ ಪಟ್ಟಣದ ಹೈಸ್ಕೂಲುಗಳಿಗೇ ಹೋಗುತ್ತದೆ. ಸಕಲೇಶಪುರ ಕಡೆಯ ಕಾಫಿ ತೋಟಗಳ ನಡುವೆ ಇರುವ, ಎಂಬತ್ತು ಚಿಲ್ಲರೆ ಮಕ್ಕಳ ಪ್ರಾಥಮಿಕ ಶಾಲೆಯನ್ನು ಯಾರು ಕರೆಯುತ್ತಾರೆ? ಆವತ್ತಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ: ‘ಸಾರ್, ನಿಮಗೆ ಸಂಗೀತ ಬರುತ್ತಾ?’

ಬರುವುದಿಲ್ಲ. ನಾನು ಸಂಗೀತದ ಜೂನಿಯರ್ ಪರೀಕ್ಷೆಗೂ ಕೂತವನಲ್ಲ. ಡಿ.ಎಡ್. ಓದುವಾಗ ಪ್ರಾರ್ಥನೆಯಲ್ಲಿ ಹಿಂದಿನ ಸಾಲಿಗೆ ನಿಂತು ಸುಮ್ನೆ ಬಾಯಿ ಆಡಿಸಿದವನು. ಸಂಗೀತ ಶಿಕ್ಷಕರ ಹುದ್ದೆ ನಮ್ಮಂಥ ಶಾಲೆಗೆ ಬರುವುದಿಲ್ಲ ಅಂತ ನಿಮಗೂ ಗೊತ್ತು. ನಾನೇ ಏನಾದರೂ ಮಾಡುತ್ತೇನೆ ಅಂತ ಅಕ್ಕಪಕ್ಕದ ಶಾಲೆಗಳ ಕ್ಲಸ್ಟರ್ ಸಭೆಯಲ್ಲಿ ಹೇಳಿದಾಗ ಪಕ್ಕದ ಶಾಲೆಯವರೊಬ್ಬರು, ‘ನೀವೇನು ರುದ್ರಪಟ್ಟಣದವರಾ ಮೇಷ್ಟ್ರೇ?’ ಅಂದರು. ಎಲ್ಲರೂ ನಕ್ಕರು. ಅರಕಲಗೂಡು ತಾಲೂಕಿನ ರುದ್ರಪಟ್ಟಣ ಅಂದರೆ ಸಂಗೀತ ವಿದ್ವಾಂಸ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ತಂಬೂರಿ ಆಕಾರದಲ್ಲೇ ಒಂದು ಮಂದಿರ ಇರುವ ಊರು. ನಾನು ಅಲ್ಲಿಗೆ ಹೋಗಿದ್ದು ಮಕ್ಕಳ ಪ್ರವಾಸದಲ್ಲಿ, ಬಸ್ಸಿನ ಲೆಕ್ಕ ಬರೆಯುತ್ತಾ.

ಮೊದಲು ದುಡ್ಡು ಹೋದ ಕಥೆ. ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಹಾರ್ಮೋನಿಯಂ ಒಂದನ್ನು ತಂದೆ, ಏಳು ಸಾವಿರದ ಹತ್ತಿರ. ಜೇಬಿನದ್ದೇ ದುಡ್ಡು. ಶಾಲಾ ಅನುದಾನದಲ್ಲಿ ಸೀಮೆಸುಣ್ಣ, ಪೊರಕೆ, ಕರೆಂಟ್ ಬಿಲ್ಲು ಮುಗಿದರೆ ಸಾಕು. ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿದ್ದಕ್ಕೆ ಮೊದಲು ತಗಡು ಬದಲಿಸಿ ಅಂದರು. ಅದೂ ನ್ಯಾಯವೇ. ನಮ್ಮ ಕಡೆಯ ಮಳೆಗಾಲ ಒಂದು ಕಳೆಯುವಷ್ಟರಲ್ಲಿ ಹಾರ್ಮೋನಿಯಂ ಮನೆಗಳು ತೇವಕ್ಕೆ ಉಬ್ಬಿ, ಒತ್ತಿದ್ದು ಮೇಲೆ ಏಳುತ್ತಿರಲಿಲ್ಲ. ತಿದಿಯನ್ನು ಇಲಿ ಕಡಿಯಿತು. ರಿಪೇರಿಗೆ ಇನ್ನೊಂದು ಸಾವಿರದೈನೂರು. ಇಷ್ಟಾಗಿ ನಾನು ಅದರಲ್ಲಿ ಕಲಿತಿದ್ದು ಎರಡೇ ಹಾಡು. ಮಕ್ಕಳ ಕಣ್ಣು ಹಾಡಿನ ಮೇಲಿರಲಿಲ್ಲ, ನನ್ನ ಬೆರಳು ಎಲ್ಲಿ ತಪ್ಪುತ್ತದೆ ಅನ್ನುವುದರ ಮೇಲಿತ್ತು.

ಆಮೇಲೆ ಬ್ಲೂಟೂತ್ ಸ್ಪೀಕರು, ಸುಮಾರು ಎರಡು ಸಾವಿರ. ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿ ಜೊತೆಗೆ ಹಾಡಿಸುವುದು. ಇದು ಎಲ್ಲ ಶಾಲೆಯಲ್ಲೂ ನಡೆಯುತ್ತಿದೆ. ಟ್ರ್ಯಾಕ್ ಹಾಡಿದವರ ಶ್ರುತಿ ಅವರ ಗಂಟಲಿಗೆ ತಕ್ಕದ್ದು, ನಮ್ಮ ಮೂರನೇ ಕ್ಲಾಸಿನ ಮಕ್ಕಳಿಗಲ್ಲ. ಜೊತೆಗೆ ಸ್ಪೀಕರ್ ಜೋರಾದಷ್ಟೂ ಮಕ್ಕಳು ಕಿರುಚುತ್ತಾರೆ. ಶಾಲೆಗಳ ನಡುವಿನ ಸ್ಪರ್ಧೆ ಪ್ರತಿಭಾ ಕಾರಂಜಿಯಲ್ಲಿ ಟ್ರ್ಯಾಕ್ ಇಲ್ಲದೆ ನಿಂತಾಗ ಒಂದು ಸಾಲೂ ನೆಟ್ಟಗೆ ಬರಲಿಲ್ಲ. ಹೀಗೆ ಹತ್ತು ಹತ್ತೂವರೆ ಸಾವಿರ ನೀರಿಗೆ ಹೋಯಿತು. ಮನೆಯಲ್ಲಿ ಏನಂದರು ಅನ್ನುವುದು ಇಲ್ಲಿ ಬೇಡ.

ದಾರಿ ತೋರಿಸಿದ್ದು ಐದನೇ ಕ್ಲಾಸಿನ ಒಬ್ಬ ಹುಡುಗಿ. ನಾನು ಹೇಳಿಕೊಟ್ಟರೆ ಅರ್ಧ ತರಗತಿ ಗೊರಗೊರ ಅನ್ನುತ್ತಿತ್ತು. ಗಂಟಲು ಕಟ್ಟಿಕೊಂಡು ಒಂದು ದಿನ ನಾನು ಸುಮ್ಮನೆ ನಿಂತೆ, ಅವಳು ಹೇಳಿಕೊಟ್ಟಳು. ಎಲ್ಲರೂ ಸರಿಯಾಗಿ ಹಾಡಿದರು! ಕಾರಣ ಸುಲಭ. ನನ್ನಂಥ ಗಂಡಸಿನ ಸ್ವರ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಒಂದು, ಕಪ್ಪು ಒಂದರ ಹತ್ತಿರ ಓಡಾಡುತ್ತದೆ. ಮಕ್ಕಳಿಗೆ ಹಿತ ಅನಿಸುವುದು ಅದಕ್ಕಿಂತ ಎಷ್ಟೋ ಮೇಲೆ. ನಮ್ಮ ದನಿಯನ್ನೇ ಹಿಡಿಯಲು ಹೋಗಿ ಅವು ಪಾತಾಳಕ್ಕೆ ಇಳಿಯುತ್ತವೆ. ಅಲ್ಲಿಂದ ನಾನು ತರಗತಿಯಲ್ಲಿ ಹಾಡುವುದನ್ನೇ ನಿಲ್ಲಿಸಿದೆ. ಮೊಬೈಲಿನ ತಂಬೂರಿ ಆ್ಯಪ್ ಅನ್ನು ಬಿಳಿ ಮೂರು ಅಥವಾ ನಾಲ್ಕಕ್ಕೆ ಇಡುತ್ತೇನೆ. ಆ್ಯಪ್‌ಗೆ ದುಡ್ಡು ಕೊಡಬೇಕಿಲ್ಲ. ಮೊದಲು ಇಬ್ಬರು ಮಕ್ಕಳಿಗೆ ಹೊರಗೆ ಜಗಲಿಯಲ್ಲಿ ಹಾಡು ಕೂರಿಸುತ್ತೇನೆ, ಅವರು ತರಗತಿಗೆ ಕಲಿಸುತ್ತಾರೆ. ನನ್ನದು ತಾಳ ಹಾಕುವ ಕೆಲಸ, ಕಿವಿಯ ಕೆಲಸ. ಮಹಿಳಾ ಶಿಕ್ಷಕಿಯರಿಗೆ ಈ ತೊಂದರೆ ಕಡಿಮೆ. ಆದರೂ ಮಕ್ಕಳಿಂದಲೇ ಕಲಿಸಿ ನೋಡಿ, ಬೇಗ ಹತ್ತುತ್ತದೆ.

ಎರಡನೆಯದು ಹಾಜರಿ. ಇದಕ್ಕೇ ಜಾಸ್ತಿ ನಕ್ಕಿದ್ದು. ತೋಟದ ಆ ಕಡೆಯಿಂದ ಮಕ್ಕಳು ‘ಅಮ್ಮಾ’ ಅಂತ ಕೂಗುವುದನ್ನು ಕೇಳಿ. ಮೊದಲ ಅಕ್ಷರ ಸ್ವಲ್ಪ ಮೇಲೆ, ಎರಡನೆಯದು ಕೆಳಗೆ. ಹಾರ್ಮೋನಿಯಂನಲ್ಲಿ ಹುಡುಕಿದರೆ ಅದು ಹೆಚ್ಚುಕಡಿಮೆ ಪ–ಗ. (ಹಾರ್ಮೋನಿಯಂ ಕೆಲಸಕ್ಕೆ ಬಂದಿದ್ದು ಇಷ್ಟಕ್ಕೇ.) ಯಾರೂ ಕಲಿಸದೆ ಬರುವ ಈ ಎರಡು ಸ್ವರದಲ್ಲೇ ಹಾಜರಿ ಶುರು ಮಾಡಿದೆ. ಒಂದು ಮಗು ನಂಬರ್ ಕೂಗುತ್ತದೆ, ಆ ನಂಬರಿನವರು ಅದೇ ಸ್ವರದಲ್ಲಿ ‘ಬಂದೆ ಸಾ’ ಅನ್ನುತ್ತಾರೆ. ಮೂವತ್ತು ಮಕ್ಕಳಿಗೆ ಮೂರು ನಾಲ್ಕು ನಿಮಿಷ. ಪ್ರತಿ ಮಗುವೂ ದಿನಾ ಒಮ್ಮೆ ಒಂಟಿಯಾಗಿ ಹಾಡಿದಂತಾಯಿತು, ಹಾಡುತ್ತಿದ್ದೇನೆ ಅನ್ನುವ ನಾಚಿಕೆಯೂ ಇಲ್ಲ. ಒಂದು ತಿಂಗಳಾದ ಮೇಲೆ ದ ಸೇರಿಸಿದೆ. ದಸರಾ ರಜೆ ಮುಗಿಯುವಷ್ಟರಲ್ಲಿ ಸ, ರಿ ಸೇರಿದವು. ಐದು ಸ್ವರ ಆಯಿತಲ್ಲ, ಅದೇ ಮೋಹನ ರಾಗ. ಸರಳೆ ವರಸೆ, ಅಂದರೆ ಸಂಗೀತದ ಮೊದಲ ಪಾಠ, ಮಾಯಾಮಾಳವಗೌಳ ರಾಗದಲ್ಲೇ ಆಗಬೇಕು ಅಂತ ಸಂಗೀತ ಕಲಿತವರು ಹೇಳುತ್ತಾರೆ. ಮನೆಯಲ್ಲಿ ಗುರುಗಳ ಎದುರು ಒಂದೇ ಮಗು ಕೂತರೆ ಅದು ಸರಿ. ಮೂವತ್ತು ಮಕ್ಕಳ ಗುಂಪಿನಲ್ಲಿ ಸ ಪಕ್ಕಕ್ಕೇ ಅಂಟಿಕೊಂಡಿರುವ ಆ ರಿ ಜಾರುತ್ತದೆ, ಜೊತೆಗೆ ಎಲ್ಲವೂ ಜಾರುತ್ತದೆ. ನಾನು ಅದನ್ನು ಮುಟ್ಟಲೇ ಇಲ್ಲ.

ಹಾಜರಿಯಲ್ಲಿ ಶ್ರುತಿಗೆ ಸೇರದ ಮಕ್ಕಳು ತಾವಾಗಿಯೇ ಗೊತ್ತಾಗುತ್ತಾರೆ. ಮೂವತ್ತರಲ್ಲಿ ಏಳೆಂಟು ಇರುತ್ತಾರೆ. ಅವರನ್ನು ‘ನೀನು ಬಾಯಿ ಆಡಿಸು ಸಾಕು’ ಅಂತ ಹಿಂದೆ ನಿಲ್ಲಿಸಬೇಡಿ. ಹಾಗೆ ನಿಂತವನು ಹೇಳುತ್ತಿದ್ದೇನೆ. ಅವರಿಗೆ ಶಿರಾಡಿ ಘಾಟಿ ಹತ್ತುವ ಲಾರಿಯ ಸದ್ದು ಮಾಡಲು ಹೇಳುತ್ತೇನೆ. ಒಂದನೇ ಗೇರಿನಿಂದ ಶುರುವಾಗಿ ದನಿ ಏರುತ್ತಾ ಏರುತ್ತಾ ತಲೆಗೆ ಹೋಗಬೇಕು, ಆಮೇಲೆ ಇಳಿಯಬೇಕು. ಮೇಲಿನ ದನಿ ತಮ್ಮಲ್ಲೂ ಇದೆ ಅಂತ ಅವರಿಗೆ ಗೊತ್ತಾಗುವುದು ಆಗಲೇ. ನಂತರ ಚೆನ್ನಾಗಿ ಹಾಡುವ ಇಬ್ಬರ ನಡುವೆ ಕೂರಿಸಿದರೆ ಸಂಕ್ರಾಂತಿ ಹೊತ್ತಿಗೆ ಐದಾರು ಮಕ್ಕಳು ಸರಿಹೋಗುತ್ತಾರೆ. ಉಳಿದ ಒಬ್ಬಿಬ್ಬರನ್ನು ಸರಿ ಮಾಡುವುದಕ್ಕೆ ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕಾರಂಜಿಗೆ ನಿಮ್ಮ ಶಾಲೆಯೂ ಬರುತ್ತದಲ್ಲ.

ಜೂನ್, ಜುಲೈನಲ್ಲಿ ನಮ್ಮಲ್ಲಿ ಹಾಡಲು ಆಗುವುದಿಲ್ಲ. ತಗಡಿನ ಮೇಲೆ ಮಳೆ ಬೀಳುತ್ತಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಆ ಎರಡು ತಿಂಗಳು ತಾಳಕ್ಕೆ ಮೀಸಲು. ಅದಕ್ಕೆ ನಾನು ಹುಡುಕಿಕೊಂಡಿದ್ದು ನಮ್ಮ ಹಾಸನ ಜಿಲ್ಲೆಯ ತಾಲೂಕುಗಳ ಹೆಸರು. ಇದರ ಬಗ್ಗೆ ನನಗೆ ಸ್ವಲ್ಪ ಜಂಬ ಇದೆ, ಇರಲಿ. ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಮಾತ್ರೆ, ಉಳಿದದ್ದಕ್ಕೆ ಒಂದು ಅಂತ ಎಣಿಸಿ. ಹಾಸನ ನಾಲ್ಕು. ಬೇಲೂರು, ಆಲೂರು ಎರಡೂ ಐದು. ಅರಸೀಕೆರೆ ಆರು. ಸಕಲೇಶಪುರ ಏಳು, ಅರಕಲಗೂಡು ಕೂಡ ಏಳು. ಹೊಳೆನರಸೀಪುರ ಎಂಟು, ಅಂದರೆ ಆದಿತಾಳದ ಒಂದು ಸುತ್ತು. ಚನ್ನರಾಯಪಟ್ಟಣ ಹತ್ತು. ಎಂಟು ತಾಲೂಕಿನಲ್ಲಿ ನಾಲ್ಕರಿಂದ ಎಂಟರವರೆಗಿನ ಎಲ್ಲ ಎಣಿಕೆಯೂ ಸಿಕ್ಕಿತು! ಒಂದು ಸಾಲು ಬೆಂಚು ‘ಹಾಸನ ಹಾಸನ’ ಅಂತ ತಟ್ಟುತ್ತದೆ, ಇನ್ನೊಂದು ಸಾಲು ‘ಹೊಳೆನರಸೀಪುರ’ ಅನ್ನುತ್ತದೆ. ಎರಡು ಹಾಸನಕ್ಕೆ ಒಂದು ಹೊಳೆನರಸೀಪುರ ಸರಿಹೋಗಬೇಕು. ಬೇಲೂರು ಎರಡು ಸಲ ಅಂದರೆ ಒಂದು ಚನ್ನರಾಯಪಟ್ಟಣ. ಹಾಸನ ಸಾಲಿನ ವಿರುದ್ಧ ಸಕಲೇಶಪುರ ಸಾಲನ್ನು ಬಿಟ್ಟರೆ ಇಪ್ಪತ್ತೆಂಟನೇ ಏಟಿಗೆ ಎರಡೂ ಒಟ್ಟಿಗೆ ಮುಗಿಯುತ್ತವೆ. ಏಳನೇ ಕ್ಲಾಸಿನವರು ಇದನ್ನು ತಪ್ಪದೆ ಮಾಡುತ್ತಾರೆ. ಲ.ಸಾ.ಅ. ಪಾಠ ಬೇರೆ ಮಾಡಬೇಕಿಲ್ಲ. ಚಿಕ್ಕಮಗಳೂರಿನವರು ಮೂಡಿಗೆರೆಯಿಂದ ಶುರು ಮಾಡಿ, ಐದು ಮಾತ್ರೆ.

ಹಾಡು ಎಲ್ಲಿಂದ ತರುವುದು? ನಲಿ-ಕಲಿ ಹಾಡುಗಳು ಚಿಕ್ಕ ಕ್ಲಾಸುಗಳಿಗೇ ಮುಗಿಯುತ್ತವೆ. ನಮ್ಮ ಬಿಸಿಯೂಟದ ಅಕ್ಕ ಅಕ್ಕಿ ಆರಿಸುವಾಗ ಸೋಬಾನೆ ಪದ ಗುನುಗುತ್ತಿದ್ದರು. ಮೂರು ನಾಲ್ಕು ಸ್ವರದಲ್ಲೇ ಸುತ್ತುವ ಮಟ್ಟು, ಸಾಲಿಗೆ ಸಾಲು ತಿರುಗಿ ಹೇಳುವ ರೀತಿ. ಮಕ್ಕಳಿಗೆ ಅಳತೆ ಮಾಡಿ ಹೊಲಿದಂತಿತ್ತು. ‘ಅಯ್ಯೋ, ನನಗೇನ್ ಬತ್ತದೆ ಸಾ, ಸುಮ್ಕಿರಿ’ ಅಂದವರು ಒಂದು ವಾರದಲ್ಲಿ ತಾವೇ ತರಗತಿಯ ಬಾಗಿಲಿಗೆ ಬಂದು ನಿಲ್ಲತೊಡಗಿದರು. ಅಜ್ಜಿಯ ಹತ್ತಿರ ಒಂದು ಪದ ಕಲಿತು ಬನ್ನಿ ಅಂತ ಮಕ್ಕಳಿಗೆ ಮನೆಗೆಲಸವನ್ನೂ ಕೊಟ್ಟೆ. ಸುಗ್ಗಿ ಪದ, ಬೀಸುವ ಪದ ಬಂದವು. ತೋಟದ ಲೈನಿನ (ಕೂಲಿಯವರ ಮನೆಸಾಲಿನ) ಮಕ್ಕಳು ತಮಿಳಿನ ಲಾಲಿಯನ್ನೂ ತಂದರು. ಜೊತೆಗೆ ಬೀಗರನ್ನು ಹಂಗಿಸುವ ಪದವೂ ಬಂತು. ಸಿಆರ್‌ಪಿ (ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವವರು) ಸಾಹೇಬರು ಭೇಟಿಗೆ ಬಂದ ದಿನವೇ ನಾಲ್ಕನೇ ಕ್ಲಾಸಿನವನೊಬ್ಬ ಬೀಗರ ಹೊಟ್ಟೆಯನ್ನು ವರ್ಣಿಸಿ ಪೂರ್ತಿ ಹಾಡಿಬಿಟ್ಟ. ಸಾಹೇಬರು ನಕ್ಕಿದ್ದರಿಂದ ಬಚಾವ್. ಈಗ ನಾನು ಮೊದಲು ಕೇಳಿ ಆಮೇಲೆ ತರಗತಿಗೆ ಬಿಡುತ್ತೇನೆ.

ನಡುವೆ ಬೇರೆ ಹುಚ್ಚೂ ಹತ್ತಿತ್ತು. ಊಟದ ಸ್ಟೀಲ್ ಲೋಟಗಳಲ್ಲಿ ಜಲತರಂಗ ಮಾಡಲು ಹೋದೆ, ಟಕ್ ಅಂದು ನಿಂತುಬಿಡುತ್ತದೆ. ಪಿಂಗಾಣಿ ಬಟ್ಟಲು ಬೇಕು. ಒಂದಕ್ಕೆ ಅರುವತ್ತು ಎಪ್ಪತ್ತು ರೂಪಾಯಿಯಂತೆ ಐದು ತಂದೆ. ನೀರು ಹಾಕಿದಷ್ಟೂ ಸ್ವರ ಇಳಿಯುತ್ತದೆ. ಸೊಗಸಾಗಿ ಬಂತು, ಎರಡು ಒಡೆದವು. ಆಮೇಲೆ ಮುಕ್ಕಾಲಿಂಚಿನ ಪಿವಿಸಿ ಪೈಪು. ಒಂದು ತುದಿಗೆ ಮುಚ್ಚಳ ಹಾಕಿ, ತೆರೆದ ತುದಿಗೆ ಹಳೇ ಹವಾಯಿ ಚಪ್ಪಲಿಯಿಂದ ತಟ್ಟಬೇಕು. ಸ 48 ಸೆಂ.ಮೀ. ಇದ್ದರೆ ಮಕ್ಕಳ ಬಿಳಿ ನಾಲ್ಕಕ್ಕೆ ಒಂದು ಸ್ಥಾಯಿ ಕೆಳಗೆ ಬರುತ್ತದೆ. ಪ ಅದರ ಮೂರರಲ್ಲಿ ಎರಡು ಭಾಗ, 32. ಗ ಐದರಲ್ಲಿ ನಾಲ್ಕು ಭಾಗ, ದ ಐದರಲ್ಲಿ ಮೂರು, ರಿ ಒಂಬತ್ತರಲ್ಲಿ ಎಂಟು. ಒಂದು ಬೆರಳು ಜಾಸ್ತಿ ಬಿಟ್ಟೇ ಕತ್ತರಿಸಿ, ಆಮೇಲೆ ಉಜ್ಜುತ್ತಾ ಶ್ರುತಿಗೆ ತನ್ನಿ. ಗಿಡ್ಡ ಆದದ್ದನ್ನು ಉದ್ದ ಮಾಡಲು ಬರುವುದಿಲ್ಲ. ಭಿನ್ನರಾಶಿ ಅಂದರೆ ಓಡುತ್ತಿದ್ದವರು ಗರಗಸ ಹಿಡಿದು ಕೂತರು. ಪೈಪಿಗೆಲ್ಲ ಸೇರಿ ಮುನ್ನೂರು ರೂಪಾಯಿಯೂ ಆಗಲಿಲ್ಲ. ಬಿದಿರಿನಲ್ಲೂ ಮಾಡಿದ್ದೆವು. ಹಸಿ ಬಿದಿರು, ಒಣಗಿ ಸೀಳಿತು. ಬೇಲೂರಿಗೆ ಪ್ರವಾಸ ಹೋದಾಗ ಮದನಿಕೆಗಳ ಅಕ್ಕಪಕ್ಕ ಮದ್ದಳೆ ಬಾರಿಸುವವರನ್ನು ಹುಡುಕಿ ಎಣಿಸಿ ಅಂತ ಬಿಟ್ಟಿದ್ದೆ. ಒಂದೊಂದು ಗುಂಪು ಒಂದೊಂದು ಲೆಕ್ಕ ತಂದಿತು. ಗೈಡಿಗೂ ನಮಗೂ ಅದೇ ಚರ್ಚೆ, ಬಸ್ಸು ತಡವಾಯಿತು.

ನಾಡಗೀತೆಗೆ ಬರುತ್ತೇನೆ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಬೇಕು ಅಂತ ಆದೇಶ ಮಾಡಿತು. ಹೆಚ್ಚಿನ ಶಾಲೆಗಳಲ್ಲಿ ಆಗುವುದೇನು? ಮೊದಲ ಸಾಲನ್ನು ಉತ್ಸಾಹದಲ್ಲಿ ಎತ್ತಿಬಿಡುತ್ತಾರೆ. ಮೇಲೆ ಹೋಗುವ ಜಾಗ ಬಂದಾಗ ಅರ್ಧ ಮಕ್ಕಳು ಚೀರುತ್ತಾರೆ, ಅರ್ಧ ಮಕ್ಕಳು ಮೌನ. ನಾನು ಉಲ್ಟಾ ಮಾಡುತ್ತೇನೆ. ಹಾಡಿನಲ್ಲಿ ಎಲ್ಲಕ್ಕಿಂತ ಮೇಲೆ ಹೋಗುವ ಜಾಗವನ್ನು ಮೊದಲು ಮಕ್ಕಳಿಂದ ಮೆಲ್ಲಗೆ ಗುನುಗಿಸುತ್ತೇನೆ. ಅದು ಹಿತವಾಗಿ ಬರುವ ಶ್ರುತಿಯನ್ನು ಆ್ಯಪಿನಲ್ಲಿ ಹಿಡಿದು, ಅಲ್ಲಿಂದ ಮೊದಲ ಸಾಲಿಗೆ ಇಳಿಯುತ್ತೇನೆ. ಸಮಯಕ್ಕೆ ಮೊಬೈಲಿನ ಸ್ಟಾಪ್‌ವಾಚ್. ಮೊದಮೊದಲು ಮೂರು ನಿಮಿಷ ದಾಟುತ್ತಿತ್ತು. ಸಾಲುಗಳ ನಡುವೆ ಸುಮ್ಮನೆ ನಿಲ್ಲುವುದನ್ನು ತೆಗೆದ ಮೇಲೆ ಎರಡೂವರೆಗೆ ಬಂತು. ಉಸಿರು ಎಲ್ಲೆಲ್ಲಿ ತೆಗೆಯಬೇಕು ಅಂತ ಗೋಡೆಯ ಚಾರ್ಟಿನಲ್ಲಿ ಕೆಂಪು ಗೆರೆ ಹಾಕಿದ್ದೇವೆ. ಅಕ್ಕಪಕ್ಕದ ಇಬ್ಬರು ಒಂದೇ ಗೆರೆಯಲ್ಲಿ ಉಸಿರು ತೆಗೆಯುವಂತಿಲ್ಲ. ಹಾಗಾಗಿ ಹತ್ತು ಹನ್ನೆರಡು ಮಕ್ಕಳ ದನಿಯೂ ಮೈದಾನದಲ್ಲಿ ತುಂಡಾಗಲಿಲ್ಲ. ರುದ್ರಪಟ್ಟಣದ ಮಾತಾಡಿದ ಮೇಷ್ಟ್ರು ಮರುದಿನವೇ ಫೋನ್ ಮಾಡಿ ಚಾರ್ಟಿನ ಫೋಟೋ ಕೇಳಿದರು. ಕಳಿಸಿದೆ. ಗೆರೆ ಇರುವ ಚಾರ್ಟನ್ನಲ್ಲ, ಹಳೆಯದನ್ನು.

ಈ ವರ್ಷದ ತಲೆನೋವು ಏಳನೇ ಕ್ಲಾಸಿನ ಮೂವರು ಹುಡುಗರು. ಗಂಟಲು ಒಡೆಯುವ ವಯಸ್ಸು, ಒಂದು ದಿನ ಇದ್ದ ದನಿ ಮರುದಿನ ಇರುವುದಿಲ್ಲ. ಸದ್ಯಕ್ಕೆ ಅವರನ್ನು ಪೈಪು, ತಮಟೆಗೆ ಹಾಕಿದ್ದೇನೆ. ಹಾಜರಿಗೆ ಮಾತ್ರ ಕೆಳಗಿನ ಸ್ಥಾಯಿಯಲ್ಲಿ ‘ಬಂದೆ ಸಾ’ ಅನ್ನಲಿ ಅಂತ ಬಿಟ್ಟಿದ್ದೇನೆ. ಇಬ್ಬರಿಗೆ ಹೊಂದುತ್ತಿದೆ, ಮೂರನೆಯವನಿಗೆ ಇನ್ನೂ ಇಲ್ಲ.