ಸಾಹಿತ್ಯ ಯಾರದ್ದು, ಟ್ಯೂನ್ ಯಾರದ್ದು: ನಮ್ಮ ಜಗಳ ಬಗೆಹರಿದದ್ದು ಹೀಗೆ

ಹಾಡು ರೆಡಿ ಇತ್ತು. ಆದರೆ ಯಾರ ಪಾಲು ಎಷ್ಟು ಅನ್ನೋ ವಿಷಯಕ್ಕೆ ನಾವು ಮೂವರೂ ಮಾತು ಬಿಟ್ಟಿದ್ದೆವು. ಪಲ್ಲವಿ ನನ್ನದು, ಚರಣ ಗೆಳತಿಯದು, ಟ್ಯೂನ್ ಗಿಟಾರ್ ನುಡಿಸುವ ಗೆಳೆಯನದು. ಅವನು ಕೇಳಿದ್ದು ಮೂರರಲ್ಲಿ ಒಂದು ಪಾಲು.

1957ರ ಕಾಪಿರೈಟ್ ಕಾಯ್ದೆ ಓದಿದ ಮೇಲೆ ಗಂಟು ಸಡಿಲವಾಯಿತು. ಅದರ ಪ್ರಕಾರ ಸಾಹಿತ್ಯವೇ ಬೇರೆ ಕೃತಿ, ಸಂಗೀತವೇ ಬೇರೆ ಕೃತಿ. ಹಾಗಾಗಿ ಸಂಗೀತಕ್ಕೆ 50, ಸಾಹಿತ್ಯಕ್ಕೆ ನಮ್ಮಿಬ್ಬರದು 25-25 ಎಂದು ಬರೆದೆವು. ಕೇಳಿದ್ದಕ್ಕಿಂತ ಜಾಸ್ತಿಯೇ ಸಿಕ್ಕಿತಲ್ವಾ ಅವನಿಗೆ!

ಹಾಳೆಯಲ್ಲಿ ಹಾಡಿನ ಹೆಸರು, ದಿನಾಂಕ, ಪಾಲು, ಮೂವರ ಸಹಿ. ವಾಟ್ಸಾಪ್ ಮಾತು ಸಾಕು ಅಂದಳು ಗೆಳತಿ. ಆದರೆ ಹಕ್ಕು ಇನ್ನೊಬ್ಬರಿಗೆ ಬರೆದುಕೊಡಲು ಸಹಿ ಮಾಡಿದ ಪತ್ರವೇ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಎಂದೇ ಲೆಕ್ಕ. ಹಾಡು ಬರೆದವರಿಗೆ, ಟ್ಯೂನ್ ಹಾಕಿದವರಿಗೆ ರಾಯಲ್ಟಿ ಸಂಗ್ರಹಿಸಿ ಕೊಡುವ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ಹಾಡು ನೋಂದಾಯಿಸುವಾಗಲೂ ಇದೇ ಪಾಲು ತುಂಬಿದೆವು.